ಕುಂಟುವ ಗೆಳೆಯನಿಗೆ ಯಾವ ಚಿಕಿತ್ಸೆ?



ರಾಜ್ಯೋತ್ಸವದಲ್ಲೋ ಗಣೇಶನ ಹಬ್ಬದಲ್ಲೋ ನಿಮ್ಮನ್ನು ಕಂಡಾಗ ನಾವು ಹಿರಿಯರು ಕೇಳುವ ಪ್ರಶ್ನೆಗಳು ನಿಮಗೆ ಬಾಯಿಪಾಠವಾಗಿರಬೇಕು. ನೌಕರಿ ಹೇಗಿದೆ, ಮದುವೆ ಯಾವಾಗ, ಕನ್ನಡ ಓದಲು ಬರುತ್ತದೆಯೇ? ಈ ಸಲ ಅಂಥ ಯಾವ ಪ್ರಶ್ನೆಯೂ ಇಲ್ಲ. ನಿಮ್ಮಲ್ಲಿ ಅನೇಕರ ಮನೆಯಲ್ಲಿರುವ ನಾಲ್ಕು ಕಾಲಿನ ಗೆಳೆಯನ ಬಗ್ಗೆ, ಅದರಲ್ಲೂ ಅವನ ಹಿಂಗಾಲಿನ ಮೊಣಕಾಲಿನ ಬಗ್ಗೆ, ನಾಲ್ಕು ಮಾತು ಹೇಳಬೇಕಾಗಿದೆ. ನಾನು ಪಶುವೈದ್ಯನಲ್ಲ. ಒಮ್ಮೆ ಪೆಟ್ಟು ತಿಂದು, ಕೇಳಿ, ಓದಿ ಕಲಿತ ಒಬ್ಬ ಗೃಹಸ್ಥ, ಅಷ್ಟೇ.

ನಾವಿರುವುದು ಮಗರಪಟ್ಟಾದಲ್ಲಿ. ಹಡಪ್ಸರದ ನೂರಕ್ಕೂ ಹೆಚ್ಚು ರೈತ ಕುಟುಂಬಗಳು ಸುಮಾರು 400 ಎಕರೆ ಜಮೀನನ್ನು ಒಂದುಗೂಡಿಸಿ, ತಾವೇ ಮುಂದೆ ನಿಂತು ಕಟ್ಟಿಸಿದ ಊರು ಇದು. ಕೆಲಸ ಶುರುವಾದದ್ದು 2000ದಲ್ಲಿ. ಇಂದು ಬೆಳಿಗ್ಗೆ ಆರಕ್ಕೆ ಕೆಳಗಿಳಿದರೆ ಗಿಡಮರಗಳ ನಡುವೆ ನಾಯಿ ಹಿಡಿದು ನಡೆಯುವವರೇ ಕಾಣುತ್ತಾರೆ. ಅವರಲ್ಲಿ ನಾನೂ ಒಬ್ಬ. ನಮ್ಮ ರಾಜಾ ಲ್ಯಾಬ್ರಡಾರ್ ಜಾತಿಯವನು. ಈ ಕಥೆ ನಡೆದಾಗ ಅವನಿಗೆ ಆರು ವರ್ಷ, ತೂಕ 38 ಕಿಲೋ. ಅದರಲ್ಲಿ ಐದು ಕಿಲೋ ನಮ್ಮ ತಾಯಿಯವರ ಚಪಾತಿಯದು.

ಎರಡು ವರ್ಷದ ಹಿಂದೆ ಶ್ರಾವಣದ ಒಂದು ಸಂಜೆ ಮಗಳು ಚೆಂಡು ಎಸೆದಳು. ರಾಜಾ ಓಡಿದ, ಒದ್ದೆ ಹಾಸುಗಲ್ಲಿನ ಮೇಲೆ ಗಕ್ಕನೆ ತಿರುಗಿದ, ಒಮ್ಮೆ ಕುಂಯ್‌ಗುಟ್ಟಿದ. ಮರಳಿ ಬಂದಾಗ ಎಡ ಹಿಂಗಾಲು ನೆಲಕ್ಕೆ ಬೆರಳ ತುದಿ ಮಾತ್ರ ಮುಟ್ಟುತ್ತಿತ್ತು.

ನಾವು ಮಾಡಿದ ಮೊದಲ ತಪ್ಪುಗಳು

ರಾತ್ರಿ ಅವನು ನರಳುವುದನ್ನು ಕೇಳಲಾರದೆ ನನ್ನ ಬೆನ್ನುನೋವಿನ ಡೈಕ್ಲೋಫೆನಾಕ್ ಗುಳಿಗೆಯನ್ನೇ ಅರ್ಧ ಮುರಿದು ಕೊಡಲು ಹೊರಟಿದ್ದೆ. ಮಗಳು ಕೈ ಹಿಡಿದು ತಡೆದಳು. ಅವಳು ಮಾಡಿದ್ದೇ ಸರಿ. ಮನುಷ್ಯರ ನೋವಿನ ಗುಳಿಗೆಗಳಾದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಉಂಟುಮಾಡಬಲ್ಲವು, ಮೂತ್ರಪಿಂಡವನ್ನೂ ಕೆಡಿಸಬಲ್ಲವು. ಡೈಕ್ಲೋಫೆನಾಕ್ ಕೊಟ್ಟ ದನಗಳ ಹೆಣ ತಿಂದು ನಮ್ಮ ದೇಶದ ರಣಹದ್ದುಗಳು ಅಳಿವಿನ ಅಂಚಿಗೆ ಬಂದದ್ದು, 2006ರಲ್ಲಿ ಸರಕಾರ ಪಶುಗಳಿಗೆ ಆ ಔಷಧಿಯನ್ನು ನಿಷೇಧಿಸಿದ್ದು ನೀವು ಓದಿರಬಹುದು. ನಾಯಿಗೆಂದೇ ಬೇರೆ ನೋವುನಿವಾರಕಗಳಿವೆ. ಅದರ ಪ್ರಮಾಣ ವೈದ್ಯರು ತೂಕ ನೋಡಿ ಹೇಳಬೇಕು.

ಎರಡನೆಯ ತಪ್ಪು ಕಾದದ್ದು. ಮೊದಲು ತೋರಿಸಿದ ಕಡೆ "ಉಳುಕು" ಎಂದರು. ಗುಳಿಗೆ ಕೊಟ್ಟಾಗ ಕುಂಟು ಕಡಿಮೆಯಾಗುತ್ತಿತ್ತು, ನಿಲ್ಲಿಸಿದರೆ ಮರಳಿ ಬರುತ್ತಿತ್ತು. ಮೂರು ವಾರ ಹೀಗೇ ಹೋಯಿತು. ಎಚ್ಚರವಾಗಿರುವ, ನೋವಿನಿಂದ ಸ್ನಾಯು ಬಿಗಿಹಿಡಿದ ದೊಡ್ಡ ನಾಯಿಯಲ್ಲಿ, ಅದೂ ಕಟ್ಟುನಾರು ಪೂರ್ತಿ ಹರಿಯದಿದ್ದಾಗ, ಈ ಪೆಟ್ಟು ಗುರುತಿಸುವುದು ಸುಲಭವಲ್ಲ ಎಂದು ಆಮೇಲೆ ತಿಳಿಯಿತು. ಆದ್ದರಿಂದ ಒಂದು ಮಾತು ನೆನಪಿಡಿ: ದೊಡ್ಡ ನಾಯಿಯ ಹಿಂಗಾಲಿನ ಕುಂಟು ಎರಡು ವಾರ ದಾಟಿದರೆ ಮೊಣಕಾಲನ್ನು ಸರಿಯಾಗಿ ಪರೀಕ್ಷಿಸಿರೆಂದು ನೀವೇ ಕೇಳಿ.

ಇನ್ನೊಂದು ಗುರುತು ಮನೆಯಲ್ಲೇ ಕಾಣುತ್ತದೆ. ಆರೋಗ್ಯವಂತ ನಾಯಿ ಎರಡೂ ಕಾಲು ಮಡಚಿ ನೆಟ್ಟಗೆ ಕೂಡುತ್ತದೆ. ಮೊಣಕಾಲು ನೋಯುವ ನಾಯಿ ಆ ಕಾಲನ್ನು ಪಕ್ಕಕ್ಕೆ ಚಾಚಿ ಕೂಡುತ್ತದೆ. ರಾಜಾ ಹೀಗೆ ಕೂಡತೊಡಗಿ ತಿಂಗಳಾಗಿತ್ತು. ನಾವು ಅದನ್ನು ಸೋಮಾರಿತನವೆಂದು ನಕ್ಕಿದ್ದೆವು.

ಹರಿದದ್ದು ಏನು?

ಎರಡನೆಯ ವೈದ್ಯರು ರಾಜಾನಿಗೆ ಮಂಪರು ಬರಿಸಿ ಪರೀಕ್ಷಿಸಿದರು. ತೊಡೆಯ ಮೂಳೆಯನ್ನು ಒಂದು ಕೈಯಲ್ಲಿ ಹಿಡಿದು, ಕೆಳಗಿನ ಮೂಳೆಯನ್ನು ಮುಂದಕ್ಕೆ ತಳ್ಳಿದರೆ ಅದು ಮೇಜಿನ ಖಾನೆಯಂತೆ ಜಾರಿ ಬಂತು. ಇದಕ್ಕೆ ಡ್ರಾಯರ್ ಪರೀಕ್ಷೆ ಎಂದೇ ಹೆಸರು. ಎಕ್ಸ್‌ರೇಯಲ್ಲಿ ಕಟ್ಟುನಾರು ಕಾಣಿಸುವುದಿಲ್ಲ, ಆದರೆ ಕೀಲಿನಲ್ಲಿ ನೀರು ತುಂಬಿದ್ದು, ಸಂಧಿವಾತ ಶುರುವಾದದ್ದು ಕಾಣುತ್ತದೆ. ರಾಜಾನಿಗೆ ಎರಡೂ ಇದ್ದವು.

ಕ್ರಿಕೆಟ್, ಫುಟ್‌ಬಾಲ್ ಆಟಗಾರರ "ಎಸಿಎಲ್" ಹರಿದ ಸುದ್ದಿ ನೀವು ಓದಿರುತ್ತೀರಿ. ನಾಯಿಯಲ್ಲೂ ಅದೇ ಕಟ್ಟುನಾರು. ಆದರೆ ಎರಡು ವ್ಯತ್ಯಾಸಗಳಿವೆ. ಆಟಗಾರನಿಗೆ ಅದು ಒಂದು ಕ್ಷಣದ ಅಪಘಾತ. ನಾಯಿಗಳಲ್ಲಿ ಹೆಚ್ಚಾಗಿ ಆ ನಾರು ತಿಂಗಳುಗಟ್ಟಲೆ ಒಳಗೊಳಗೇ ಸವೆದು, ಕೊನೆಗೆ ಒಂದು ಸಣ್ಣ ನೆಪಕ್ಕೆ ಹರಿಯುತ್ತದೆ. ಮಗಳು "ನಾನು ಚೆಂಡು ಎಸೆಯಬಾರದಿತ್ತು" ಎಂದು ಅತ್ತಾಗ ವೈದ್ಯರು ಹೇಳಿದ್ದು ಇದನ್ನೇ: "ಚೆಂಡು ಕೊನೆಯ ಎಳೆಯನ್ನು ಕಡಿಯಿತು, ಅಷ್ಟೇ." ಲ್ಯಾಬ್ರಡಾರ್, ರಾಟ್‌ವೈಲರ್, ನ್ಯೂಫೌಂಡ್‌ಲ್ಯಾಂಡ್ ಜಾತಿಗಳಲ್ಲಿ ಇದು ಹೆಚ್ಚು. ನಮ್ಮ ಮುಧೋಳ ನಾಯಿಯ ದೂರದ ನೆಂಟನೆನ್ನಬಹುದಾದ ಗ್ರೇಹೌಂಡ್‌ನಲ್ಲಿ ಅಪರೂಪ. ಬೊಜ್ಜು ಎಲ್ಲ ಜಾತಿಗೂ ಶತ್ರು.

ಎರಡನೆಯ ವ್ಯತ್ಯಾಸ ಕೀಲಿನ ಆಕಾರದ್ದು. ನಾವು ನೆಟ್ಟಗೆ ನಿಲ್ಲುತ್ತೇವೆ. ನಾಯಿಯ ಮೊಣಕಾಲು ಸದಾ ಬಾಗಿರುತ್ತದೆ, ಕೆಳಮೂಳೆಯ ತಲೆ ಹಿಂದಕ್ಕೆ ಇಳಿಜಾರಾಗಿರುತ್ತದೆ. ಕಾತ್ರಜ್ ಘಾಟಿನ ಇಳಿಜಾರಿನಲ್ಲಿ ಹಗ್ಗ ಕಟ್ಟಿ ನಿಲ್ಲಿಸಿದ ಗಾಡಿಯನ್ನು ಊಹಿಸಿಕೊಳ್ಳಿ. ಗಾಡಿಯೆಂದರೆ ತೊಡೆಯ ಮೂಳೆ, ರಸ್ತೆಯೆಂದರೆ ಕೆಳಮೂಳೆಯ ತಲೆ, ಹಗ್ಗವೆಂದರೆ ಈ ಕಟ್ಟುನಾರು. ಹಗ್ಗ ಹರಿದರೆ ಪ್ರತಿ ಹೆಜ್ಜೆಗೂ ಗಾಡಿ ಹಿಂದಕ್ಕೆ ಜಾರುತ್ತದೆ. ಜಾರುವಾಗ ನಡುವೆ ಇರುವ ಮೆನಿಸ್ಕಸ್ ಎಂಬ ಮೆತ್ತನೆಯ ಗಾದಿಯೂ ಅರೆದು ಹರಿಯಬಹುದು.

ಮೂರು ದಾರಿ

ಹಗ್ಗ ಹರಿದಾಗ ಏನು ಮಾಡಬಹುದು ಎಂಬುದರ ಮೇಲೆ ಚಿಕಿತ್ಸೆಗಳು ನಿಂತಿವೆ.

ಮೊದಲನೆಯದು, ಶಸ್ತ್ರಚಿಕಿತ್ಸೆಯಿಲ್ಲದ ದಾರಿ. ತಿಂಗಳುಗಟ್ಟಲೆ ಕಟ್ಟುನಿಟ್ಟಾದ ವಿಶ್ರಾಂತಿ, ತೂಕ ಇಳಿಸುವುದು, ನಾಯಿಯ ನೋವುನಿವಾರಕ, ಅಂಗಮರ್ದನ, ನಿಧಾನವಾಗಿ ಹೆಚ್ಚಿಸುವ ವ್ಯಾಯಾಮ. ಹರಿದ ನಾರು ಮತ್ತೆ ಕೂಡುವುದಿಲ್ಲ, ಆದರೆ ಕೀಲಿನ ಸುತ್ತ ಗಟ್ಟಿ ಊತಕ ಬೆಳೆದು ಅದನ್ನು ಬಿಗಿಹಿಡಿಯುತ್ತದೆ.

ಎರಡನೆಯದು, ಹೊಸ ಹಗ್ಗ ಕಟ್ಟುವುದು. ಕೀಲಿನ ಹೊರಗಡೆ ದಪ್ಪ ನೈಲಾನ್ ದಾರ ಹಾಕಿ ಎರಡೂ ಮೂಳೆಗಳನ್ನು ಬಿಗಿಯುತ್ತಾರೆ. 1970ರಿಂದ ಪ್ರಚಾರದಲ್ಲಿರುವ ಪದ್ಧತಿ. ದಾರ ಕೆಲವು ತಿಂಗಳಲ್ಲಿ ಸಡಿಲಾಗುತ್ತದೆ, ಅಷ್ಟರಲ್ಲಿ ಸುತ್ತಲಿನ ಊತಕ ಗಟ್ಟಿಯಾಗಿರಬೇಕು. ಮೂಳೆ ಕೊಯ್ಯುವುದಿಲ್ಲ, ಖರ್ಚು ಕಡಿಮೆ. ಹಗುರ ನಾಯಿಗೆ ಚೆನ್ನಾಗಿ ಒಗ್ಗುತ್ತದೆ.

ಮೂರನೆಯದು, ರಸ್ತೆಯ ಇಳಿಜಾರನ್ನೇ ಕಡಿಮೆ ಮಾಡುವುದು. ಇದು ಟಿಪಿಎಲ್ಓ. ಅಮೆರಿಕದ ಆರಿಗಾನ್‌ನ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಇದನ್ನು ಪ್ರಕಟಿಸಿದರು. ಕೆಳಮೂಳೆಯ ತಲೆಯನ್ನು ಕಮಾನಿನಂತೆ ಕೊಯ್ದು, ತಿರುಗಿಸಿ, ಪ್ಲೇಟು ಮತ್ತು ಸ್ಕ್ರೂಗಳಿಂದ ಕೂಡಿಸುತ್ತಾರೆ. 25 ಡಿಗ್ರಿಯ ಆಸುಪಾಸಿನ ಇಳಿಜಾರು ಐದಾರು ಡಿಗ್ರಿಗೆ ಬರುತ್ತದೆ. ರಸ್ತೆಯೇ ಸಮವಾದ ಮೇಲೆ ಹಗ್ಗ ಇಲ್ಲದಿದ್ದರೂ ಗಾಡಿ ನಿಲ್ಲುತ್ತದೆ. ಇದೇ ತತ್ವದ ಇನ್ನೊಂದು ರೂಪ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್‌ನಲ್ಲಿ 2002ರಲ್ಲಿ ರೂಪುಗೊಂಡ ಟಿಟಿಎ. ಪರಿಣತ ಕೈ, ವಿಶೇಷ ಸಲಕರಣೆ ಬೇಕು. ಖರ್ಚೂ ಹೆಚ್ಚು, ಎಡವಟ್ಟಾದರೆ ಅದೂ ದೊಡ್ಡದು.

ಅಂಕಿಗಳು ಏನನ್ನುತ್ತವೆ?

ಲೆಕ್ಕವಿಲ್ಲದೆ ನೀವು ನಂಬುವವರಲ್ಲ. 1984ರ ಒಂದು ಅಧ್ಯಯನದಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ನೋಡಿಕೊಂಡ 85 ನಾಯಿಗಳಲ್ಲಿ, 15 ಕಿಲೋಗಿಂತ ಹಗುರವಾದವುಗಳ ಪೈಕಿ ನೂರಕ್ಕೆ 85ರಷ್ಟು ಸುಧಾರಿಸಿದವು. ಅದಕ್ಕಿಂತ ಭಾರವಾದವುಗಳಲ್ಲಿ ನೂರಕ್ಕೆ 19 ಮಾತ್ರ. ಬಹುಕಾಲ ಇದೇ ಅಂತಿಮ ತೀರ್ಪಿನಂತಿತ್ತು.

2013ರಲ್ಲಿ ಇನ್ನೊಂದು ಪ್ರಯೋಗ ಬಂತು. 40 ಬೊಜ್ಜಿನ ನಾಯಿಗಳಿಗೆಲ್ಲ ತೂಕ ಇಳಿಸಿ, ವ್ಯಾಯಾಮ ಕೊಟ್ಟು, ಅರ್ಧದಷ್ಟಕ್ಕೆ ಟಿಪಿಎಲ್ಓ ಮಾಡಿದರು. ವರ್ಷದ ಕೊನೆಗೆ ಶಸ್ತ್ರಚಿಕಿತ್ಸೆಯಾದವುಗಳಲ್ಲಿ ಮುಕ್ಕಾಲು ಪಾಲು ಯಶಸ್ಸು. ಆಗದವುಗಳಲ್ಲೂ ಮೂರರಲ್ಲಿ ಎರಡು ಪಾಲಿನ ಸಮೀಪ. ಅಂದರೆ ಶಸ್ತ್ರಚಿಕಿತ್ಸೆ ಮೇಲು, ನಿಜ. ಆದರೆ ಅದಿಲ್ಲದಿದ್ದರೆ ನಾಯಿಯ ಬಾಳೇ ಮುಗಿಯಿತೆಂದಲ್ಲ. ಅದೇ ವರ್ಷ 80 ನಾಯಿಗಳ ಮೇಲೆ ನೈಲಾನ್ ದಾರ ಮತ್ತು ಟಿಪಿಎಲ್ಓ ಎರಡನ್ನೂ ಹೋಲಿಸಿದರು. ಎರಡೂ ಗುಂಪು ಸುಧಾರಿಸಿದವು, ಟಿಪಿಎಲ್ಓ ಆದವುಗಳ ನಡಿಗೆ ಹೆಚ್ಚು ಚೆನ್ನಾಗಿತ್ತು.

ನಮ್ಮ ಮನೆಯ ಪಂಚಾಯಿತಿ

ಒಬ್ಬ ವೈದ್ಯರು ಟಿಪಿಎಲ್ಓ ಎಂದರು, ಇನ್ನೊಬ್ಬರು ನೈಲಾನ್ ದಾರ ಸಾಕೆಂದರು. ಧಾರವಾಡದಿಂದ ಬಂದಿದ್ದ ನಮ್ಮ ತಾಯಿಯವರದು ಮೂರನೆಯ ಅಭಿಪ್ರಾಯ:

"ಮನಷ್ಯಾರಿಗೇ ಆಪರೇಶನ್ ಮಾಡಸಲಿಕ್ಕೆ ರೊಕ್ಕ ಸಾಲವಲ್ದು, ನಾಯಿಗೆ ಮಾಡಸ್ತಾರಂತ! ನಮ್ಮೂರಾಗ ನಾಯಿ ಕುಂಟಿದ್ರ ನಾಲ್ಕು ದಿನಾ ಮೂಲ್ಯಾಗ ಬಿದ್ದಿರ್ತಿತ್ತು, ಆಮ್ಯಾಲೆ ತಾನ ಎದ್ದು ಓಡ್ತಿತ್ತು."

"ಅಜ್ಜೀ, ನಿಮ್ಮೂರ ನಾಯಿ ಮೂವತ್ತೆಂಟು ಕಿಲೋ ಇರ್ತಿದ್ದಿಲ್ಲ," ಎಂದಳು ಮಗಳು. "ನನ್ನ ಸ್ಕೂಟರಿನ ರೊಕ್ಕ ಅದ. ಅದನ್ನ ತಗೊಳ್ರಿ."

ನಿಜ ಹೇಳಬೇಕೆಂದರೆ ತಾಯಿಯವರ ಮಾತು ನನಗೂ ಸರಿಯೆನಿಸಿತ್ತು. ಮನೆಯ ಸಾಲದ ಕಂತು ಇನ್ನೂ ತೀರಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕಲಿತು ಬಂದವರು ನಾವು. ಹಣದ ಮಾತನ್ನು ಬಾಯಿ ಬಿಟ್ಟು ಆಡುವುದರಲ್ಲಿ ನಾಚಿಕೆಯಿಲ್ಲ ಎಂಬುದು ಆ ರಾತ್ರಿ ನನಗೆ ಗೊತ್ತಾಯಿತು. ಎಲ್ಲರೂ ಕುಳಿತು ಲೆಕ್ಕ ಬರೆದೆವು: ಎಷ್ಟು ಕೊಡಬಹುದು, ಏನನ್ನು ಮುಂದೂಡಬಹುದು.

ನಮ್ಮ ಕಟ್ಟಡದಲ್ಲೇ ಒಂದು ಮರಾಠಿ ಮನೆಯ ಪೊಮೆರೇನಿಯನ್ ಇತ್ತು. ಹನ್ನೆರಡು ವರ್ಷ, ಒಂಬತ್ತು ಕಿಲೋ, ಹೃದಯದ ತೊಂದರೆ ಬೇರೆ. ಅದಕ್ಕೂ ಇದೇ ನಾರು ಹರಿದಿತ್ತು. (ಸಣ್ಣ ನಾಯಿಗಳಲ್ಲಿ ಮೊಣಕಾಲ ಚಿಪ್ಪು ಜಾರುವ ಬೇರೆ ಕಾಯಿಲೆಯೂ ಉಂಟು. ಅದನ್ನು ಇದೆಂದು ತಿಳಿಯಬಾರದು.) ಅರಿವಳಿಕೆಯ ಅಪಾಯ ನೋಡಿ ಅವರು ವಿಶ್ರಾಂತಿಯ ದಾರಿ ಹಿಡಿದರು. ನಾಲ್ಕು ತಿಂಗಳಲ್ಲಿ ಅದು ಆರಾಮವಾಗಿ ನಡೆಯಿತು. ಅವರ ನಿರ್ಧಾರ ಅವರ ನಾಯಿಗೆ ಸರಿ.

ರಾಜಾನ ಲೆಕ್ಕ ಬೇರೆ. ಭಾರ ದೇಹ, ಆರೇ ವರ್ಷ, ಓಡುವ ಸ್ವಭಾವ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲು ಮಡಚಿದಾಗ ಒಳಗೆ "ಟಕ್" ಎಂದು ಸದ್ದಾಗುತ್ತಿತ್ತು. ಅದು ಗಾದಿ ಹರಿದ ಸೂಚನೆ ಇರಬಹುದೆಂದರು. ಹರಿದ ತುಂಡು ಒಳಗೆ ಸಿಕ್ಕಿಕೊಂಡಿದ್ದರೆ ವಿಶ್ರಾಂತಿಯಿಂದ ನೋವು ಹೋಗುವುದಿಲ್ಲ, ತೆಗೆಯಲೇಬೇಕು. ನಾವು ಟಿಪಿಎಲ್ಓಗೆ ಒಪ್ಪಿದೆವು. ಒಳಗೆ ನೋಡಿದಾಗ ಗಾದಿ ಹರಿದೇ ಇತ್ತು.

ಒಂದು ದಿನದ ಕೆಲಸ, ಮೂರು ತಿಂಗಳ ಸೇವೆ

ಇಲ್ಲಿಯವರೆಗಿನದನ್ನು ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ. ಶಸ್ತ್ರಚಿಕಿತ್ಸೆ ವೈದ್ಯರ ಒಂದು ದಿನದ ಕೆಲಸ. ಕೊಯ್ದ ಮೂಳೆ ಕೂಡಲು ಎಂಟರಿಂದ ಹನ್ನೆರಡು ವಾರ ಬೇಕು. ಆ ಕೆಲಸ ಮನೆಯವರದು. ಶಸ್ತ್ರಚಿಕಿತ್ಸೆ ಬೇಡವೆಂದರೂ ಅಷ್ಟೇ ಸೇವೆ ಬೇಕು. ಯಾವ ದಾರಿ ಹಿಡಿದರೂ ತಪ್ಪದ್ದು ಇದು.

ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು ಒಂದು ವರ, ನುಣುಪು ಟೈಲ್ಸು ಒಂದು ಶಾಪ. ಮೂರನೆಯ ದಿನ ರಾಜಾ ಟೈಲ್ಸಿನ ಮೇಲೆ ಜಾರಿದ್ದನ್ನು ಕಂಡ ನಮ್ಮ ತಾಯಿಯವರು ಏನೂ ಮಾತಾಡದೆ ಒಳಗೆ ಹೋದರು. ತಮ್ಮ ಟ್ರಂಕಿನಿಂದ ನವಲಗುಂದದ ಜಮಖಾನೆ ತಂದು ಹಾಸಿದರು. ಅದರ ಕೆಳಗೆ ಜಾರದ ರಬ್ಬರ್ ಹಾಳೆ ಹಾಕಿದೆವು. ಹೊಟ್ಟೆಯ ಕೆಳಗೆ ಆಸರೆಗೆ ಅವರದೇ ಹಳೆಯ ಇಳಕಲ್ ಸೀರೆಯ ಪಟ್ಟಿ ಬಂತು. "ನಮ್ಮ ಮೈಲಾರಲಿಂಗನ ಬೆನ್ನ ಹಿಂದ ಇರೂದೂ ನಾಯಿನೇ ಅಲ್ಲೇನು," ಎಂದರು. ಇಲ್ಲಿಂದ ಹತ್ತಿರದ ಜೇಜುರಿಯ ಖಂಡೋಬಾನೇ ನಮ್ಮ ಕಡೆಯ ಮೈಲಾರಲಿಂಗ. ಅವನ ಭಕ್ತರಾದ ಗೊರವರು ತಮ್ಮನ್ನು ಅವನ ನಾಯಿಗಳೆಂದೇ ಕರೆದುಕೊಳ್ಳುತ್ತಾರೆ.

ಫ್ರಿಜ್ಜಿನ ಮೇಲೆ ಪಾಳಿಯ ಪಟ್ಟಿ ಅಂಟಿಸಿದೆವು. ದಿನಕ್ಕೆ ನಾಲ್ಕು ಸಲ, ಒಂದೊಂದು ಸಲ ಐದೇ ನಿಮಿಷ, ಬಿಗಿಯಾದ ಬೆಲ್ಟಿನಲ್ಲಿ. ಓಟ, ಜಿಗಿತ, ಮೆಟ್ಟಿಲು, ಸೋಫಾ ಎಲ್ಲ ಬಂದ್. ಮೂರನೆಯ ವಾರ ನನ್ನ ಪಾಳಿಯಲ್ಲಿ ಫೋನ್ ಬಂತೆಂದು ಬೆಲ್ಟು ಬಿಚ್ಚಿ ಬಾಗಿಲು ಸರಿಯಾಗಿ ಹಾಕದೆ ಹೋದೆ. ರಾಜಾ ಸೋಫಾ ಮೇಲೆ ಹಾರಿದ. ರಾತ್ರಿ ಕಾಲು ಊದಿತು. ಮರುದಿನದ ಎಕ್ಸ್‌ರೇವರೆಗೆ ಮಗಳು ನನ್ನೊಡನೆ ಮಾತಾಡಲಿಲ್ಲ. ಸ್ಕ್ರೂ ಅಲುಗಾಡಿರಲಿಲ್ಲ, ದೇವರು ದೊಡ್ಡವನು. ಆದರೆ ಅವಳ ಸ್ಕೂಟರು, ಅವಳ ನಿದ್ದೆ, ವೈದ್ಯರ ಶ್ರಮ ಎಲ್ಲವೂ ನನ್ನ ಒಂದು ನಿಮಿಷದ ಅಜಾಗರೂಕತೆಯಿಂದ ಹಾಳಾಗುವುದರಲ್ಲಿತ್ತು. ತಾಳಿದವನು ಬಾಳಿಯಾನು ಎಂಬ ಗಾದೆ ನಾಯಿಗಿಂತ ಒಡೆಯನಿಗೇ ಹೆಚ್ಚು ಬೇಕು.

ತೂಕದ ಮಾತು

ರಾಜಾ ಈಗ 32 ಕಿಲೋ. ಇದು ಯಾವ ಪ್ಲೇಟಿಗೂ ಕಡಿಮೆಯಲ್ಲದ ಚಿಕಿತ್ಸೆ. 2002ರಲ್ಲಿ ಪ್ರಕಟವಾದ ಒಂದು ದೀರ್ಘ ಅಧ್ಯಯನದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೀವನಪೂರ್ತಿ ಗಮನಿಸಿದರು. ಜೊತೆಗಾರನಿಗಿಂತ ಕಾಲು ಭಾಗ ಕಡಿಮೆ ತಿಂದ ನಾಯಿಗಳು ಸರಾಸರಿ ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಸಂಧಿವಾತವೂ ಅವಕ್ಕೆ ತಡವಾಗಿ ಬಂತು. "ಪಾಪ, ಹಸಿದಾನ" ಎನ್ನುವ ಮೊದಲು ಇದನ್ನೂ ತಿಳಿಯಿರಿ: ಲ್ಯಾಬ್ರಡಾರ್‌ಗಳಲ್ಲಿ ನಾಲ್ಕರಲ್ಲೊಂದರಷ್ಟಕ್ಕೆ ಹಸಿವು ಹೆಚ್ಚಿಸುವ ಒಂದು ಜೀನ್ ದೋಷವಿದೆಯೆಂದು 2016ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ತೋರಿಸಿದರು. ಅವನ ಕಣ್ಣು ಬೇಡುತ್ತದೆಯೆಂದು ಹೊಟ್ಟೆ ಖಾಲಿಯೆಂದಲ್ಲ. ಪಕ್ಕೆಲುಬು ಕೈಗೆ ಸುಲಭವಾಗಿ ಸಿಗುವಂತಿರಬೇಕು.

ತೂಕಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ಕಾಲಿನ ನಾರು ಹರಿದ ನಾಯಿಗಳಲ್ಲಿ ಮೂರರಲ್ಲೊಂದರಿಂದ ಅರ್ಧದಷ್ಟಕ್ಕೆ ಮುಂದೆ ಇನ್ನೊಂದು ಕಾಲಿನದೂ ಹರಿಯುತ್ತದೆ. ಆದ್ದರಿಂದ ಇರುವ ಹಣವನ್ನೆಲ್ಲ ಮೊದಲ ಕಾಲಿಗೇ ಸುರಿಯಬೇಡಿ.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

ನಿರ್ಧರಿಸುವ ಮೊದಲು ಇವನ್ನು ಕಾಗದದಲ್ಲಿ ಬರೆದುಕೊಂಡು ಹೋಗಿ:

1. ನಾರು ಪೂರ್ತಿ ಹರಿದಿದೆಯೇ, ಅರ್ಧವೇ? ಹೇಗೆ ಗೊತ್ತಾಯಿತು?
2. ಮೆನಿಸ್ಕಸ್ ಹರಿದಿರುವ ಸಂಶಯವಿದೆಯೇ? ಶಸ್ತ್ರಚಿಕಿತ್ಸೆಯಲ್ಲಿ ಕೀಲಿನೊಳಗೆ ನೋಡುತ್ತೀರಾ?
3. ನಮ್ಮ ನಾಯಿಯ ತೂಕ, ವಯಸ್ಸು, ಹೃದಯ, ರಕ್ತಪರೀಕ್ಷೆ ನೋಡಿ ನಿಮ್ಮ ಸಲಹೆಯೇನು? ಎರಡನೆಯ ಆಯ್ಕೆ ಯಾವುದು?
4. ಈ ಶಸ್ತ್ರಚಿಕಿತ್ಸೆಯನ್ನು ನೀವು ಎಷ್ಟು ಸಲ ಮಾಡಿದ್ದೀರಿ? ತೊಡಕಾದರೆ ಏನು ಮಾಡುತ್ತೀರಿ?
5. ಎಕ್ಸ್‌ರೇ, ಅರಿವಳಿಕೆ, ಪ್ಲೇಟು, ಔಷಧಿ, ಮರುಪರೀಕ್ಷೆ ಎಲ್ಲ ಸೇರಿ ಒಟ್ಟು ಖರ್ಚೆಷ್ಟು?
6. ಶಸ್ತ್ರಚಿಕಿತ್ಸೆ ಮಾಡದೆ ಕೆಲವು ವಾರ ನೋಡಿದರೆ ಏನು ಕಳೆದುಕೊಳ್ಳುತ್ತೇವೆ?

ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಇನ್ನೊಬ್ಬರ ಅಭಿಪ್ರಾಯ ಕೇಳುವುದೂ ಅವಮಾನವಲ್ಲ. ಬೆಂಗಳೂರು ಹೆದ್ದಾರಿಯ ಶಿರವಳದಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲ ಪಶುವೈದ್ಯ ಕಾಲೇಜಿದೆ, ಮುಂಬಯಿಯ ಪರೇಲದಲ್ಲಿ 1886ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿದೆ, ಬೆಂಗಳೂರಿಗೆ ಹೋಗುವವರಿಗೆ ಹೆಬ್ಬಾಳದ್ದಿದೆ. ಯಾವ ಶಸ್ತ್ರಚಿಕಿತ್ಸೆ ಎಲ್ಲಿ ನಡೆಯುತ್ತದೆಂದು ಮೊದಲೇ ವಿಚಾರಿಸಿ ಹೊರಡಿ.

ಮತ್ತೊಂದು ಪ್ರಶ್ನೆ ವೈದ್ಯರಿಗಲ್ಲ, ನಿಮಗೇ. ಮುಂದಿನ ಮೂರು ತಿಂಗಳು ಹಗಲು ಹೊತ್ತು ಮನೆಯಲ್ಲಿ ಯಾರಿರುತ್ತಾರೆ? ನೀವಿಬ್ಬರೂ ಸೈಬರ್‌ಸಿಟಿಯಲ್ಲಿ ಹತ್ತು ತಾಸು ದುಡಿಯುವವರಾದರೆ, ಇದಕ್ಕೆ ಉತ್ತರ ಸಿಗುವವರೆಗೆ ಶಸ್ತ್ರಚಿಕಿತ್ಸೆಯ ತಾರೀಖು ಗೊತ್ತುಮಾಡಬೇಡಿ. ಊರಿನಿಂದ ಅಜ್ಜಿಯನ್ನೋ ಅತ್ತೆಯನ್ನೋ ಕರೆಸಬಹುದಾದರೆ ಸಂಕೋಚಪಡದೆ ಕೇಳಿ. ಮೊದಲು ಬೈಯಬಹುದು, ಆಮೇಲೆ ಜಮಖಾನೆ ಅವರೇ ಹಾಸುತ್ತಾರೆ.

ಐದು ತಿಂಗಳಿಗೆ ರಾಜಾ ಮೊದಲಿನಂತೆ ನಡೆಯತೊಡಗಿದ. ಡಿಸೆಂಬರಿನ ಚಳಿಯಲ್ಲಿ ಎದ್ದ ಕೂಡಲೇ ನಾಲ್ಕು ಹೆಜ್ಜೆ ಇಂದಿಗೂ ಕುಂಟುತ್ತಾನೆ, ಆಮೇಲೆ ಸರಿಹೋಗುತ್ತಾನೆ. ಚೆಂಡಿನ ಆಟ ಬಿಟ್ಟಿದ್ದೇವೆ. ಸ್ಕೂಟರು ಕಳೆದ ದಸರೆಗೆ ಬಂತು.

ನಿಮ್ಮ ಮನೆಯ ನಾಯಿಗೆ ಇಂಥದೇ ಆಗಿದ್ದರೆ, ನೀವು ಬೇರೆ ದಾರಿ ಹಿಡಿದು ಗೆದ್ದಿದ್ದರೂ ಸೋತಿದ್ದರೂ, ಪತ್ರಿಕೆಗೆ ನಾಲ್ಕು ಸಾಲು ಬರೆದು ಕಳಿಸಿ. ಮುಂದೆ ಒಂದು ರಾತ್ರಿ ಕುಂಟುವ ನಾಯಿಯ ಪಕ್ಕದಲ್ಲಿ ಕುಳಿತ ನಮ್ಮವರೇ ಯಾರಿಗೋ ಅದು ಉಪಯೋಗವಾದೀತು.